ಎರವಲು ತಂಡವನ್ನು ನಡೆಸುವುದು ಹೇಗೆ? ಕಪ್ ಗೆಲ್ಲದ ಸೌತ್‌ಗೇಟ್ ಅವರಿಂದ ಕಲಿಯಬೇಕಾದ್ದು, ಕಲಿಯಬಾರದ್ದು

ಪ್ರಶ್ನೆ: ನಾನು ಒಂದು ಸಹಕಾರಿ ಬ್ಯಾಂಕಿನ ಕೇಂದ್ರ ಕಚೇರಿಯಲ್ಲಿ ಅಧಿಕಾರಿ. ಎಲ್ಲ ಶಾಖೆಗಳನ್ನೂ ಹಳೆಯ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ಬದಲಾಯಿಸುವ ಹೊಣೆ ನನ್ನ ಮೇಲಿದೆ. ಬೇರೆ ಬೇರೆ ಶಾಖೆಗಳಿಂದ 14 ಜನರನ್ನು ಕೊಟ್ಟಿದ್ದಾರೆ. ವಾರಕ್ಕೆ ಎರಡು ದಿನ ಮಾತ್ರ ಅವರು ನನ್ನ ಜೊತೆ, ಉಳಿದ ದಿನ ತಮ್ಮ ಶಾಖೆಯಲ್ಲಿ. ಅವರ ರಜೆ, ಇನ್‌ಕ್ರಿಮೆಂಟ್, ವರ್ಗಾವಣೆ ಯಾವುದೂ ನನ್ನ ಕೈಯಲ್ಲಿಲ್ಲ. ಅದರಲ್ಲಿ ಇಬ್ಬರಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮೊನ್ನೆ ಒಂದು ನಾಯಕತ್ವ ತರಬೇತಿಯಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಹಿಂದಿನ ಮ್ಯಾನೇಜರ್ ಗ್ಯಾರೆತ್ ಸೌತ್‌ಗೇಟ್ ಬಗ್ಗೆ ಒಂದು ಗಂಟೆ ಹೇಳಿದರು. ಆಮೇಲೆ ನೋಡಿದರೆ ಆತ ಒಂದು ಕಪ್ಪನ್ನೂ ಗೆದ್ದಿಲ್ಲವಂತೆ! ಅಂಥವರಿಂದ ನಾನು ಕಲಿಯುವುದೇನಿದೆ ಸರ್? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಹೌದು, ಗೆಲ್ಲಲಿಲ್ಲ. ಎಂಟು ವರ್ಷದಲ್ಲಿ 102 ಪಂದ್ಯ, 61 ಗೆಲುವು. 2018ರ ವಿಶ್ವಕಪ್‌ನಲ್ಲಿ ಸೆಮಿಫೈನಲ್‌ವರೆಗೆ ಹೋದರು. ಯೂರೋ ಕಪ್‌ನಲ್ಲಿ ಸತತ ಎರಡು ಸಲ ಫೈನಲ್ ತಲುಪಿ ಎರಡನ್ನೂ ಸೋತರು, 2021ರಲ್ಲಿ ಇಟಲಿಗೆ, 2024ರಲ್ಲಿ ಸ್ಪೇನ್‌ಗೆ. ಬರ್ಲಿನ್‌ನಲ್ಲಿ ಸೋತ ಎರಡನೇ ದಿನ ರಾಜೀನಾಮೆ ಕೊಟ್ಟರು. 1966ರ ವಿಶ್ವಕಪ್ ಬಿಟ್ಟರೆ ಇಂಗ್ಲೆಂಡಿನ ಪುರುಷರ ತಂಡಕ್ಕೆ ದೊಡ್ಡ ಕಪ್ ಸಿಕ್ಕಿಲ್ಲ ಎಂಬ ಕೊರಗು ಅವರ ಕಾಲದಲ್ಲೂ ತೀರಲಿಲ್ಲ.

ಆದರೂ ಬೇರೆಯವರಿಗಿಂತ ನಿಮಗೇ ಈ ಉದಾಹರಣೆ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ತರಬೇತಿಗಳಲ್ಲಿ ಸಾಮಾನ್ಯವಾಗಿ ಅವರ ಸೌಜನ್ಯ, ಮೃದುಮಾತು, ಆ ಪ್ರಸಿದ್ಧ ವೇಸ್ಟ್‌ಕೋಟು ಇವನ್ನೇ ಸ್ಲೈಡ್ ಮಾಡಿ ತೋರಿಸುತ್ತಾರೆ. ಸೌಜನ್ಯವಂತ ಮೇಲಧಿಕಾರಿಗಳು ನಮ್ಮಲ್ಲೂ ಬೇಕಾದಷ್ಟಿದ್ದಾರೆ, ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನೀವು ನೋಡಬೇಕಾದದ್ದು ಅವರ ಹುದ್ದೆಯ ಸ್ವರೂಪವನ್ನು. ಕ್ಲಬ್ ಮ್ಯಾನೇಜರ್‌ಗೆ ಆಟಗಾರರು ದಿನಾ ಸಿಗುತ್ತಾರೆ. ಬೇಕಾದವರನ್ನು ಕೊಳ್ಳಬಹುದು, ಬೇಡವಾದವರನ್ನು ಮಾರಬಹುದು. ರಾಷ್ಟ್ರೀಯ ತಂಡದ ಮ್ಯಾನೇಜರ್ ಯಾರನ್ನೂ ಕೊಳ್ಳುವಂತಿಲ್ಲ. ಸಂಬಳ ಕೊಡುವುದು ಕ್ಲಬ್, ಕಾಲು ನೋವಾದರೆ ಸಿಟ್ಟಾಗುವುದು ಕ್ಲಬ್, ಶಿಬಿರ ಮುಗಿದ ಕೂಡಲೇ ಹುಡುಗ ಹಿಂತಿರುಗುವುದೂ ಅಲ್ಲಿಗೇ. ವರ್ಷದಲ್ಲಿ ಕೈಗೆ ಸಿಗುವುದು ಆಗಾಗ ಹತ್ತು ದಿನ, ಎರಡು ವರ್ಷಕ್ಕೊಮ್ಮೆ ಟೂರ್ನಿಯ ಕೆಲವು ವಾರ. ನಮ್ಮ ಹಳ್ಳಿಗಳಲ್ಲಿ ಗದ್ದೆಗೆ ಮುಯ್ಯಾಳು ಬಂದಾಗ ಕೂಲಿಯಾಳಿಗೆ ಗದರಿದ ಹಾಗೆ ಗದರುವುದಿಲ್ಲವಲ್ಲ, ಇದೂ ಹಾಗೆಯೇ. ನಿಮ್ಮ 14 ಜನರೂ ಇಂಥ ಎರವಲು ಆಳುಗಳೇ.

ಹೀಗಿರುವಾಗ ನಾಯಕನ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಯಾರನ್ನು ಯಾವ ಕೆಲಸಕ್ಕೆ ನಿಲ್ಲಿಸುತ್ತೇನೆ, ನಿಲ್ಲಿಸದವನಿಗೆ ಅದನ್ನು ಹೇಗೆ ಹೇಳುತ್ತೇನೆ, ಕಷ್ಟದ ಗಳಿಗೆಗೆ ಮೊದಲೇ ಏನು ಸಿದ್ಧ ಮಾಡಿಕೊಂಡಿರುತ್ತೇನೆ, ಕೆಟ್ಟರೆ ಯಾರ ಹೆಸರು ಹೇಳುತ್ತೇನೆ. ಸೌತ್‌ಗೇಟ್ ಈ ನಾಲ್ಕರಲ್ಲಿ ಪಳಗಿದ್ದರು. ಐದನೆಯದೊಂದಿದೆ, ಆಟ ನಡೆಯುತ್ತಿರುವಾಗಲೇ ತಿರುವು ಕೊಡುವುದು. ಅದರಲ್ಲಿ ಅವರ ಕೈ ಸಾಲಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅವರು ಬಂದ ಹೊತ್ತು ನೋಡಿ. 2016ರ ಜೂನ್‌ನಲ್ಲಿ ಇಂಗ್ಲೆಂಡ್ ಯೂರೋ ಕಪ್‌ನಲ್ಲಿ ಪುಟ್ಟ ಐಸ್‌ಲ್ಯಾಂಡ್‌ಗೆ 2-1ರಿಂದ ಸೋತಿತ್ತು. ರಾಯ್ ಹಾಜ್ಸನ್ ಬಿಟ್ಟುಹೋದರು. ನಂತರ ಬಂದ ಸ್ಯಾಮ್ ಅಲರ್ಡೈಸ್ ಒಂದೇ ಪಂದ್ಯಕ್ಕೆ ಜಾಗ ಖಾಲಿ ಮಾಡಬೇಕಾಯಿತು. 21 ವರ್ಷದೊಳಗಿನವರ ತಂಡ ನೋಡಿಕೊಳ್ಳುತ್ತಿದ್ದ ಸೌತ್‌ಗೇಟ್ ಅವರನ್ನು ಸದ್ಯಕ್ಕೆ ಎಂದು ಕೂರಿಸಿದರು, ನವೆಂಬರ್‌ನಲ್ಲಿ ಕಾಯಂ ಮಾಡಿದರು. ಕ್ಲಬ್ ಮ್ಯಾನೇಜರ್ ಆಗಿ ಅವರಿಗಿದ್ದ ಅನುಭವ ಮಿಡಲ್ಸ್‌ಬರೊ ಒಂದೇ, ಆ ತಂಡ 2009ರಲ್ಲಿ ಕೆಳ ದರ್ಜೆಗೆ ಇಳಿದಿತ್ತು. ಯಾರೂ ಬೆರಗಾಗುವಂಥ ಜಾತಕವಲ್ಲ.

ಅದಕ್ಕೂ ಹಳೆಯ ರೋಗವೊಂದಿತ್ತು. 2000ದ ದಶಕದ ತಂಡದಲ್ಲಿ ಫರ್ಡಿನಾಂಡ್, ಲ್ಯಾಂಪಾರ್ಡ್, ಜೆರಾರ್ಡ್‌ರಂಥ ಘಟಾನುಘಟಿಗಳಿದ್ದರು. ಕ್ಲಬ್‌ಗಳ ಹಗೆಯನ್ನು ಅವರು ರಾಷ್ಟ್ರೀಯ ಶಿಬಿರಕ್ಕೂ ತರುತ್ತಿದ್ದರು. ಮ್ಯಾಂಚೆಸ್ಟರ್ ಯುನೈಟೆಡ್‌ನವರು, ಚೆಲ್ಸಿಯವರು, ಲಿವರ್‌ಪೂಲ್‌ನವರು ಬೇರೆ ಬೇರೆ ಗುಂಪು. ನಿವೃತ್ತರಾದ ಮೇಲೆ ಆ ಮೂವರೂ ಟಿವಿಯಲ್ಲಿ ಒಟ್ಟಿಗೆ ಕೂತು ಇದನ್ನು ಒಪ್ಪಿಕೊಂಡರು. ಸೌತ್‌ಗೇಟ್ ಇದಕ್ಕೆ ಮನಃಶಾಸ್ತ್ರಜ್ಞೆ ಪಿಪ್ಪಾ ಗ್ರೇಂಜ್ ಅವರ ನೆರವು ಪಡೆದರು. ಆಟಗಾರರು ಸಣ್ಣ ಸಣ್ಣ ಗುಂಪಿನಲ್ಲಿ ಕೂತು ತಮ್ಮ ಬದುಕಿನ ಕಥೆ ಹೇಳಿಕೊಂಡರು. ದಯವಿಟ್ಟು ನಿಮ್ಮ ಬ್ಯಾಂಕಿನಲ್ಲಿ ಇದನ್ನು ಹಾಗೇ ನಕಲು ಮಾಡಬೇಡಿ. ಐವತ್ತೈದರ ಹೆಡ್ ಕ್ಯಾಶಿಯರ್‌ಗೆ ‘ನಿಮ್ಮ ಮನಸ್ಸಿನ ಭಯ ಹೇಳಿ’ ಅಂದರೆ ಅವರು ಮರುವಾರವೇ ರಜೆ ಹಾಕುತ್ತಾರೆ. ಇದರ ಹಿಂದಿನ ಲೆಕ್ಕಾಚಾರವನ್ನಷ್ಟೇ ತೆಗೆದುಕೊಳ್ಳಿ. ಒಂದೇ ಶಾಖೆಯವರನ್ನು ಒಂದೇ ಕೆಲಸಕ್ಕೆ ಜೋಡಿ ಹಾಕಬೇಡಿ. ಸಾಲದ ವಿಭಾಗದವರೊಬ್ಬರು, ಬೇರೆ ಊರಿನ ಪಿಗ್ಮಿ ಖಾತೆ ನೋಡುವವರೊಬ್ಬರು ಒಟ್ಟಿಗೆ ಒಂದು ಶಾಖೆಯ ಲೆಡ್ಜರ್ ತಾಳೆ ನೋಡಲಿ. ಉಳಿದ ಮಾತು ಚಹಾ ಹೊತ್ತಿನಲ್ಲಿ ತಾನಾಗಿ ಬರುತ್ತದೆ.

ಇನ್ನು ನಿಮ್ಮ ಆ ಇಬ್ಬರ ವಿಷಯ. 2019ರ ನವೆಂಬರ್‌ನಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ಪಂದ್ಯದಲ್ಲಿ ಸಿಟಿಯ ಸ್ಟರ್ಲಿಂಗ್, ಲಿವರ್‌ಪೂಲ್‌ನ ಜೋ ಗೋಮೆಜ್ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿದ್ದರು. ಮರುದಿನ ಇಬ್ಬರೂ ಇಂಗ್ಲೆಂಡ್ ಶಿಬಿರಕ್ಕೆ ಬಂದರು. ಕ್ಯಾಂಟೀನಿನಲ್ಲಿ ಸ್ಟರ್ಲಿಂಗ್ ಮತ್ತೆ ಗೋಮೆಜ್ ಮೇಲೆ ಹರಿಹಾಯ್ದರು. ಸ್ಟರ್ಲಿಂಗ್ ಆ ಹೊತ್ತಿಗೆ ತಂಡದ ಅತ್ಯುತ್ತಮ ಆಟಗಾರರಲ್ಲೊಬ್ಬರು, ಮುಂದಿದ್ದ ಪಂದ್ಯವೋ ಇಂಗ್ಲೆಂಡಿನ 1000ನೇ ಪಂದ್ಯ. ಸೌತ್‌ಗೇಟ್ ಆ ಒಂದು ಪಂದ್ಯದಿಂದ ಸ್ಟರ್ಲಿಂಗ್ ಅವರನ್ನು ಕೈಬಿಟ್ಟರು, ಹಾಗೆಂದು ಬಹಿರಂಗವಾಗಿ ತಿಳಿಸಿದರು, ಆದರೆ ಮನೆಗೆ ಕಳಿಸಲಿಲ್ಲ. ಅದರ ಮುಂದಿನ ಪಂದ್ಯದಲ್ಲಿ ಸ್ಟರ್ಲಿಂಗ್ ಮತ್ತೆ ಮೈದಾನದಲ್ಲಿದ್ದರು. ಅದಕ್ಕೂ ಮುಂಚೆ, ಆ 1000ನೇ ಪಂದ್ಯದಲ್ಲಿ ಬದಲಿಯಾಗಿ ಇಳಿದ ಗೋಮೆಜ್‌ಗೆ ಪ್ರೇಕ್ಷಕರು ಛೀಮಾರಿ ಹಾಕಿದಾಗ ಸೌತ್‌ಗೇಟ್ ಪ್ರೇಕ್ಷಕರನ್ನೇ ತಪ್ಪೆಂದರು, ಸ್ಟರ್ಲಿಂಗ್ ಕೂಡ ಗೋಮೆಜ್ ಪರ ನಿಂತರು.

ಬಹಿರಂಗ ಮಾಡಬಾರದಿತ್ತು ಎಂದವರೂ ಆಗ ಇದ್ದರು. ನನ್ನ ಮಟ್ಟಿಗೆ ಅದು ಸರಿ. ಜಗಳ ಎಲ್ಲರ ಎದುರು ನಡೆದಿತ್ತು, ಬಾಗಿಲು ಹಾಕಿಕೊಂಡು ರಾಜಿ ಮಾಡಿಸಿದ್ದರೆ ಉಳಿದವರಿಗೆ ಕಾಣುತ್ತಿದ್ದದ್ದು ಒಂದೇ: ದೊಡ್ಡ ಆಟಗಾರನಿಗೆ ಎಲ್ಲ ಮಾಫಿ. ಶಿಕ್ಷೆಗೆ ಅಳತೆಯೂ ಇತ್ತು, ಗಡುವೂ ಇತ್ತು. ನಿಮ್ಮ ಇಬ್ಬರ ಹಳೆಯ ಮನಸ್ತಾಪ ನಿಮ್ಮ ಆ ಎರಡು ದಿನಗಳಲ್ಲಿ ಹೊರಬರದಿದ್ದರೆ ಅದನ್ನು ಕೆದಕಲು ಹೋಗಬೇಡಿ, ಅದು ಅವರ ಶಾಖೆಯ ಸೊತ್ತು. ನಿಮ್ಮ ಕೋಣೆಯಲ್ಲಿ, ಉಳಿದ ಹನ್ನೆರಡು ಜನರ ಮುಂದೆ ಸಿಡಿದರೆ ಮಾತ್ರ ಅದೇ ದಿನ, ಅದೇ ಕೋಣೆಯಲ್ಲಿ ಏನಾದರೂ ಆಗಲೇಬೇಕು.

ಕೈಬಿಡುವ ಮಾತು ಬಂತಲ್ಲ, ರೂನಿಯ ಪ್ರಸಂಗ ಹೇಳಿಬಿಡುತ್ತೇನೆ. ವೇಯ್ನ್ ರೂನಿ ಆಗ ತಂಡದ ನಾಯಕ, ದೇಶದ ಪರ ಅತಿ ಹೆಚ್ಚು ಗೋಲು ಹೊಡೆದಿದ್ದವರು. 2016ರ ಅಕ್ಟೋಬರ್‌ನಲ್ಲಿ ಸ್ಲೊವೇನಿಯಾ ವಿರುದ್ಧದ ಪಂದ್ಯಕ್ಕೆ, ಇನ್ನೂ ಹಂಗಾಮಿ ಹುದ್ದೆಯಲ್ಲಿದ್ದ ಸೌತ್‌ಗೇಟ್, ರೂನಿಯವರನ್ನು ಬೆಂಚಿನಲ್ಲಿ ಕೂರಿಸಿದರು. ಹಿಂದಿನ ದಿನದ ಪತ್ರಿಕಾಗೋಷ್ಠಿಗೆ ಇಬ್ಬರೂ ಒಟ್ಟಿಗೆ ಬಂದರು, ರೂನಿ ತಾವೇ ಪ್ರಶ್ನೆಗಳನ್ನು ಎದುರಿಸಿದರು. ಸುದ್ದಿ ಸೋರಿ, ಅದು ಸುತ್ತಿ ಬಳಸಿ ಅವರ ಕಿವಿಗೆ ಬೀಳುವ ಪ್ರಮೇಯ ಇರಲಿಲ್ಲ. ನಿಮ್ಮ ತಂಡದ ಅತಿ ಹಿರಿಯರಿಗೆ ಹೊಸ ಸಾಫ್ಟ್‌ವೇರ್ ಒಗ್ಗದೇ ಇರಬಹುದು. ಅವರ ಕೆಲಸವನ್ನು ಕಿರಿಯರಿಗೆ ಕೊಡುವುದಾದರೆ ವಾಟ್ಸಾಪ್ ಗ್ರೂಪಿನಲ್ಲಿ ಹೊಸ ಪಟ್ಟಿ ಹಾಕುವ ಮುಂಚೆ ಅವರ ಶಾಖೆಗೇ ಹೋಗಿ ಮಾತಾಡಿ.

ಈಗ ಪೆನಾಲ್ಟಿ. ಸೌತ್‌ಗೇಟ್ ಕಥೆಯ ತಿರುಳು ಇಲ್ಲಿದೆ.

1996ರ ಯೂರೋ ಸೆಮಿಫೈನಲ್, ವೆಂಬ್ಲಿ, ಎದುರಾಳಿ ಜರ್ಮನಿ. ಆಟ ಸಮವಾದಾಗ ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಸರದಿಯಲ್ಲಿ ಪೆನಾಲ್ಟಿ ಒದ್ದು ತೀರ್ಮಾನಿಸುವ ಶೂಟೌಟ್‌ನಲ್ಲಿ ಎರಡೂ ಕಡೆಯ ಐದೈದು ಗೋಲಾಗಿ, ಆರನೆಯದನ್ನು ಒದೆಯಲು ಹೋದವರು 25 ವರ್ಷದ ಸೌತ್‌ಗೇಟ್. ಜರ್ಮನ್ ಗೋಲ್‌ಕೀಪರ್ ಕ್ಯೋಪ್ಕೆ ತಡೆದರು, ಇಂಗ್ಲೆಂಡ್ ಮನೆಗೆ ಹೋಯಿತು. ಅದಕ್ಕೆ ಮುಂಚೆ ವೃತ್ತಿಪರ ಆಟದಲ್ಲಿ ಅವರು ಒದ್ದಿದ್ದು ಒಂದೇ ಒಂದು ಪೆನಾಲ್ಟಿ, ಅದೂ ಕಂಬಕ್ಕೆ ಬಡಿದಿತ್ತು. ಆ ಸೋಲಿನ ಮೇಲೆ ಅವರು ತಲೆಗೆ ಕಾಗದದ ಚೀಲ ಹಾಕಿಕೊಂಡು ಪಿಜ್ಜಾ ಜಾಹೀರಾತಿನಲ್ಲೂ ಬಂದರು, ಅದು ಬೇರೆ ಮಾತು. ಎರಡು ವರ್ಷದ ಮೇಲೆ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಕೊನೆಯ ಪೆನಾಲ್ಟಿ ಒದ್ದ ಡೇವಿಡ್ ಬ್ಯಾಟಿಯಂತೂ ಅದಕ್ಕೆ ಮುಂಚೆ ಪೆನಾಲ್ಟಿಯನ್ನೇ ಒದ್ದವರಲ್ಲ. 2018ರ ಹೊತ್ತಿಗೆ ದೊಡ್ಡ ಟೂರ್ನಿಗಳಲ್ಲಿ ಇಂಗ್ಲೆಂಡ್ ಏಳು ಶೂಟೌಟ್ ಎದುರಿಸಿ ಆರರಲ್ಲಿ ಸೋತಿತ್ತು. ಆದರೂ ‘ಶೂಟೌಟ್ ಅಂದರೆ ಲಾಟರಿ, ಅದನ್ನು ಅಭ್ಯಾಸ ಮಾಡಲಾಗದು’ ಎಂಬ ಮಾತೇ ಅಲ್ಲಿ ವೇದವಾಕ್ಯವಾಗಿತ್ತು.

ಸೌತ್‌ಗೇಟ್ ಇದನ್ನು ಒಪ್ಪಲಿಲ್ಲ. ಫುಟ್‌ಬಾಲ್ ಸಂಸ್ಥೆಯವರು ಹಳೆಯ ಶೂಟೌಟ್‌ಗಳನ್ನು ಕೂತು ನೋಡಿದಾಗ, ರೆಫರಿ ಸೀಟಿ ಊದಿದ ಕೂಡಲೇ ಇಂಗ್ಲಿಷ್ ಆಟಗಾರರು ಬೇರೆಯವರಿಗಿಂತ ಅವಸರದಲ್ಲಿ ಒದ್ದುಬಿಡುತ್ತಿದ್ದುದು ಕಂಡಿತು. ಬೇಗ ಮುಗಿದರೆ ಸಾಕು ಅನ್ನುವ ಭಯ. ಹಾಗಾಗಿ ಉಸಿರು ತೆಗೆದುಕೊಂಡು ನಿಧಾನಿಸುವುದನ್ನೇ ಅಭ್ಯಾಸ ಮಾಡಿಸಿದರು. ತರಬೇತಿ ಮುಗಿದು ಕಾಲು ಸೋತ ಮೇಲೆ ಪೆನಾಲ್ಟಿ ಒದೆಸಿದರು. ಯಾರು ಒದೆಯಬಲ್ಲರು ಎಂಬುದನ್ನು ಮೊದಲೇ ಅಳೆದಿಟ್ಟುಕೊಂಡರು. 2018ರ ಜುಲೈ 3ರಂದು ಮಾಸ್ಕೋದಲ್ಲಿ ಕೊಲಂಬಿಯಾ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು 1-1 ಮಾಡಿತು, ಆಟ ಶೂಟೌಟ್‌ಗೆ ಹೋಯಿತು. ಇಂಗ್ಲೆಂಡಿನ ಹೆಂಡರ್ಸನ್ ಒದ್ದದ್ದನ್ನು ಗೋಲ್‌ಕೀಪರ್ ತಡೆದರೂ ತಂಡ ಬೆದರಲಿಲ್ಲ. ಕೊಲಂಬಿಯಾದ ಉರಿಬೆ ಒದ್ದದ್ದು ಮೇಲ್ಪಟ್ಟಿಗೆ ಬಡಿಯಿತು, ಇಂಗ್ಲೆಂಡಿನ ಗೋಲ್‌ಕೀಪರ್ ಪಿಕ್‌ಫರ್ಡ್ ಒಂದನ್ನು ತಡೆದರು, ಎರಿಕ್ ಡೈಯರ್ ಗೆಲುವಿನ ಗೋಲು ಹೊಡೆದರು. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಗೆದ್ದ ಮೊದಲ ಶೂಟೌಟ್ ಅದು. ತಂಡದವರು ಕುಣಿಯುತ್ತಿದ್ದಾಗ ಸೌತ್‌ಗೇಟ್ ಹೋಗಿ ಉರಿಬೆಯನ್ನು ಅಪ್ಪಿ ಸಮಾಧಾನ ಮಾಡುತ್ತಿದ್ದರು.

ನಿಮ್ಮ ಶೂಟೌಟ್ ಯಾವುದು ಎಂದು ನಿಮಗೆ ಈಗಲೇ ಗೊತ್ತಿದೆ. ಹೊಸ ಸಾಫ್ಟ್‌ವೇರ್ ಚಾಲೂ ಆಗುವ ಸೋಮವಾರ ಬೆಳಿಗ್ಗೆ ಕೌಂಟರ್ ಮುಂದೆ ಸಾಲು, ಪಾಸ್‌ಬುಕ್ ಎಂಟ್ರಿ ಬರುತ್ತಿಲ್ಲ, ಪಿಗ್ಮಿ ಸಂಗ್ರಾಹಕರ ಯಂತ್ರದ ಲೆಕ್ಕ ಸಿಸ್ಟಂಗೆ ಇಳಿಯುತ್ತಿಲ್ಲ. ಇದರ ತಾಲೀಮು ಆಗಬೇಕು, ಅದೂ ಎಲ್ಲರೂ ಚುರುಕಾಗಿರುವ ಬೆಳಗಿನ ಹತ್ತಕ್ಕಲ್ಲ. ಕೆಲಸ ಮುಗಿದು ಬೇಸತ್ತ ಸಂಜೆ ಒಂದು ಅಣಕು ದಿನ ನಡೆಸಿ. ಗ್ರಾಹಕರಾಗಿ ಇಬ್ಬರು ಕೂಗಾಡಲಿ. ಆಗ ಯಾರು ಅವಸರದಲ್ಲಿ ತಪ್ಪು ಬಟನ್ ಒತ್ತುತ್ತಾರೆ, ಯಾರು ನಿಧಾನವಾಗಿ ‘ಕೂತ್ಕೊಳ್ಳಿ ಅಜ್ಜಾ, ನೋಡ್ತೀನಿ’ ಅನ್ನುತ್ತಾರೆ ಎಂಬುದು ಗೊತ್ತಾಗುತ್ತದೆ.

ಆದರೆ ತಾಲೀಮು ಗೆಲುವಿನ ಖಾತರಿಯಲ್ಲ. 2021ರ ಜುಲೈ 11, ಮತ್ತೆ ವೆಂಬ್ಲಿ, ಇಟಲಿ ವಿರುದ್ಧ ಫೈನಲ್. ಹೆಚ್ಚುವರಿ ಸಮಯ ಮುಗಿಯುವ ಕೊನೆಯ ನಿಮಿಷದಲ್ಲಿ ಸೌತ್‌ಗೇಟ್ ರಾಷ್‌ಫರ್ಡ್ ಮತ್ತು ಸ್ಯಾಂಚೊ ಇಬ್ಬರನ್ನೂ ಪೆನಾಲ್ಟಿಗೆಂದೇ ಇಳಿಸಿದರು. ಐದನೆಯ ಒದೆತಕ್ಕೆ 19 ವರ್ಷದ ಸಾಕಾ. ಮೂವರದೂ ತಪ್ಪಿತು. ಅಭ್ಯಾಸದಲ್ಲಿ ಚೆನ್ನಾಗಿ ಒದ್ದವರ ಪಟ್ಟಿ ಅದು, ಪಟ್ಟಿ ಸುಳ್ಳಲ್ಲ. ಆದರೆ ಇಬ್ಬರು ಚೆಂಡನ್ನು ಸರಿಯಾಗಿ ಮುಟ್ಟಿಯೂ ಇರಲಿಲ್ಲ, ಮೈ ಬಿಸಿಯಾಗಿರಲಿಲ್ಲ. ಪರಿಣತರೆಂದು ಬೆಳಗಿನಿಂದ ಬೇರೆಲ್ಲೋ ಇದ್ದವರನ್ನು ಗದ್ದಲದ ನಡುವೆ ತಂದು ಕೌಂಟರ್‌ನಲ್ಲಿ ಕೂರಿಸಬೇಡಿ.

ಸೋತ ಮೇಲಿನ ಅರ್ಧ ಗಂಟೆ ಮಾತ್ರ ಅವರ ಅತ್ಯುತ್ತಮ ಹೊತ್ತು ಎಂದು ನಾನು ಎಣಿಸುತ್ತೇನೆ. ಯಾರು ಒದೆಯಬೇಕೆಂದು ಆರಿಸಿದವನು ನಾನು, ಹೊಣೆ ನನ್ನದು ಎಂದು ನೇರವಾಗಿ ಹೇಳಿದರು. ಆ ಮೂವರು ಕಪ್ಪು ವರ್ಣೀಯ ಹುಡುಗರ ಮೇಲೆ ಜಾಲತಾಣಗಳಲ್ಲಿ ಜನಾಂಗೀಯ ನಿಂದನೆಯ ಮಳೆ ಸುರಿದಾಗ ಅದು ಕ್ಷಮಿಸಲಾಗದ್ದು ಎಂದರು. ಇದು ಬಾಯಿಮಾತಿನ ಔದಾರ್ಯವಾಗಿರಲಿಲ್ಲ ಎಂಬುದಕ್ಕೆ ಮೂರು ವರ್ಷದ ನಂತರದ ಸ್ವಿಟ್ಜರ್ಲೆಂಡ್ ಪಂದ್ಯ ನೋಡಿ. 2024ರ ಯೂರೋ ಕ್ವಾರ್ಟರ್‌ಫೈನಲ್‌ನಲ್ಲಿ 80ನೇ ನಿಮಿಷಕ್ಕೆ ಸಮ ಮಾಡಿದ್ದು ಅದೇ ಸಾಕಾ. ಶೂಟೌಟ್‌ನಲ್ಲಿ ಮತ್ತೆ ಅವರನ್ನೇ ಕಳಿಸಿದರು, ಗೋಲು. ಐವರಲ್ಲಿ ಐವರೂ ಗುರಿ ತಪ್ಪಲಿಲ್ಲ. ಪಿಕ್‌ಫರ್ಡ್ ನೀರಿನ ಬಾಟಲಿ ಮೇಲೆ ಯಾವ ಎದುರಾಳಿಗೆ ಯಾವ ಕಡೆ ಹಾರಬೇಕೆಂದು ಅಂಟಿಸಿಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಅಕಾಂಜಿ ಹೆಸರಿನ ಮುಂದೆ ಎಡಕ್ಕೆ ಎಂದಿತ್ತು, ಎಡಕ್ಕೆ ಹಾರಿ ತಡೆದರು. ಸಾಕಾ ಆಟಗಾರರಾಗಿ ಉಳಿದದ್ದು ಅವರದೇ ಗಟ್ಟಿತನದಿಂದ. ಆದರೆ ಮತ್ತೆ ಚೆಂಡು ಕೈಗೆ ಕೊಟ್ಟವರು ಮ್ಯಾನೇಜರ್. ಎರವಲು ಬಂದವರು ನಾಯಕನನ್ನು ಅಳೆಯುವುದು ಇಲ್ಲೇ. ಎಡವಟ್ಟಾದಾಗ ನೀವು ಜನರಲ್ ಮ್ಯಾನೇಜರ್ ಎದುರು ‘ಫಲಾನ ಶಾಖೆಯವರು ಡೇಟಾ ತಪ್ಪು ಕೊಟ್ಟರು’ ಅಂದಿರೋ, ಆ ಮಾತು ಸಂಜೆಯೊಳಗೆ ಆ ಶಾಖೆ ತಲುಪಿರುತ್ತದೆ. ಮುಂದಿನ ವಾರ ಅವರು ಬರುವುದು ಹಾಜರಿ ಹಾಕಲಿಕ್ಕೆ ಮಾತ್ರ.

ಇನ್ನು ಕಲಿಯಬಾರದ್ದು. 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಟ್ರಿಪ್ಪಿಯರ್ ಐದನೇ ನಿಮಿಷಕ್ಕೇ ಗೋಲು ಹೊಡೆದಿದ್ದರು. ಆಮೇಲೆ ಕ್ರೊಯೇಷಿಯಾ ಮಧ್ಯದ ಮೈದಾನವನ್ನು ನಿಧಾನವಾಗಿ ಕಬಳಿಸಿತು, 68ನೇ ನಿಮಿಷಕ್ಕೆ ಸಮ ಮಾಡಿ ಹೆಚ್ಚುವರಿ ಸಮಯದಲ್ಲಿ ಗೆದ್ದಿತು. 2021ರ ಫೈನಲ್‌ನಲ್ಲಿ ಲ್ಯೂಕ್ ಶಾ ಎರಡನೇ ನಿಮಿಷಕ್ಕೆ ಗೋಲು ಹೊಡೆದರು. ಮತ್ತೆ ಅದೇ ರಾಗ. ಇಟಲಿಯ ಮ್ಯಾನೇಜರ್ ಮಾಂಚಿನಿ ವಿರಾಮ ಮುಗಿದು ಹತ್ತು ನಿಮಿಷದೊಳಗೆ ಇಬ್ಬರನ್ನು ಬದಲಿಸಿದರು, 67ನೇ ನಿಮಿಷಕ್ಕೆ ಸಮ. ಸೌತ್‌ಗೇಟ್ ಮೊದಲ ಬದಲಾವಣೆ ಮಾಡಿದ್ದು ಅದರ ನಂತರ. ಆಟ ಕೈತಪ್ಪುತ್ತಿರುವುದು ಮನೆಯಲ್ಲಿ ಟಿವಿ ಮುಂದೆ ಕೂತವರಿಗೂ ಕಾಣುತ್ತಿತ್ತು. ನಂಬಿದವರ ಮೇಲಿನ ನಂಬಿಕೆಯೇ ಅವರ ಕಾಲಿಗೆ ತೊಡರಾಯಿತು ಎಂದು ನನ್ನ ಅನಿಸಿಕೆ. 2024ರಲ್ಲಿ ಕಲೋನ್‌ನಲ್ಲಿ ಸ್ಲೊವೇನಿಯಾ ಜೊತೆ ಗೋಲಿಲ್ಲದ ಡ್ರಾ ಆದಾಗ ಇಂಗ್ಲೆಂಡಿನ ಅಭಿಮಾನಿಗಳೇ ಅವರತ್ತ ಪ್ಲಾಸ್ಟಿಕ್ ಲೋಟ ಎಸೆದರು. ಎಸೆದದ್ದು ಸಣ್ಣತನ, ಆದರೆ ಅವರ ಬೇಸರಕ್ಕೆ ಕಾರಣವಿತ್ತು. ಅದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ನಾಯಕ ಕೇನ್ ಅವರನ್ನೇ ತೆಗೆದು ವಾಟ್ಕಿನ್ಸ್ ಅವರನ್ನು ಇಳಿಸಿದಾಗ, ಕೊನೆಯ ಗಳಿಗೆಯಲ್ಲಿ ವಾಟ್ಕಿನ್ಸ್ ಗೋಲು ಹೊಡೆದು ನೆದರ್ಲೆಂಡ್ಸನ್ನು ಸೋಲಿಸಿದರು. ಮಾಡಿದಾಗ ಫಲಿಸಿತು. ಮಾಡುವುದು ಅಪರೂಪವಾಗಿತ್ತು, ಅಷ್ಟೇ.

ಇದಕ್ಕೆ ಗುರು ಬೇಕಾದರೆ ನಮ್ಮವರೇ ಇದ್ದಾರೆ, ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮೊದಲ ಪಂದ್ಯವನ್ನು ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡರು. ರಹೀಂ ಸಾಹೇಬರು ಅದೇ ಜರ್ನೈಲ್‌ರನ್ನು ಸೆಮಿಫೈನಲ್, ಫೈನಲ್ ಎರಡರಲ್ಲೂ ಮುಂಚೂಣಿಯ ಸೆಂಟರ್ ಫಾರ್ವರ್ಡ್ ಆಗಿ ಆಡಿಸಿದರು. ಎರಡರಲ್ಲೂ ಜರ್ನೈಲ್ ಗೋಲು ಹೊಡೆದರು. ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದರು, ಅದೂ ಭಾರತದ ಮೇಲೆ ಕೆಂಡ ಕಾರುತ್ತಿದ್ದ ಪ್ರೇಕ್ಷಕರ ಮಧ್ಯೆ. ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ರಹೀಂ ಆಗ ಕ್ಯಾನ್ಸರ್‌ನಿಂದ ನರಳುತ್ತಿದ್ದರು, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಕಲ್ಕತ್ತಾ, ಹೈದರಾಬಾದ್ ಎಂದು ಬೇರೆ ಬೇರೆ ಕಡೆಯಿಂದ ಬಂದ ಆಟಗಾರರು ಅವರಿಗೂ ಎರವಲೇ. ಆದರೆ ಮೊದಲು ಹಾಕಿದ ಲೆಕ್ಕ ತಪ್ಪಿದೆ ಎಂದು ಕಂಡ ಕೂಡಲೇ ಲೆಕ್ಕವನ್ನು ಬದಲಿಸುವ ಎದೆಗಾರಿಕೆ ಅವರಲ್ಲಿತ್ತು.

ನಿಮ್ಮ ಕೆಲಸಕ್ಕೆ ಇದು ಹೀಗೆ ಅನ್ವಯಿಸುತ್ತದೆ. ಚಾಲೂ ಮಾಡುವ ವಾರಾಂತ್ಯಕ್ಕೆ ಮುಂಚೆಯೇ, ತಲೆ ತಣ್ಣಗಿರುವಾಗ, ನಿಲ್ಲಿಸುವ ಗಡುವನ್ನು ಬರೆದಿಡಿ. ಭಾನುವಾರ ಸಂಜೆ ಇಷ್ಟು ಗಂಟೆಗೆ ಇಷ್ಟು ಶಾಖೆಗಳ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಸೋಮವಾರ ಹಳೆಯ ಸಾಫ್ಟ್‌ವೇರ್‌ನಲ್ಲೇ ಬಾಗಿಲು ತೆರೆಯುವುದು. ‘ಇನ್ನೊಂದು ಗಂಟೆ ನೋಡೋಣ ಮೇಡಂ, ಆಗಿಬಿಡುತ್ತೆ’ ಎಂದು ಕೇಳುವವರು ನಿಮ್ಮ ತಂಡದ ಅತಿ ನಿಷ್ಠಾವಂತರೇ ಆಗಿರುತ್ತಾರೆ, ಆಗ ಇಲ್ಲ ಅನ್ನುವುದು ಕಷ್ಟ. ಬರೆದಿಟ್ಟ ಕಾಗದವಿದ್ದರೆ ಅವರನ್ನು ನೋಯಿಸದೆ ಇಲ್ಲ ಅನ್ನಬಹುದು. ನಿಲ್ಲಿಸುವ ಆ ಅಧಿಕಾರ ನಿಮ್ಮದೇ ಎಂದು ಜನರಲ್ ಮ್ಯಾನೇಜರ್ ಅವರಿಂದ ಲಿಖಿತವಾಗಿ ಈ ವಾರವೇ ತೆಗೆದುಕೊಳ್ಳಿ, ಅದರ ಪ್ರತಿ ಆ 14 ಜನರ ಶಾಖಾ ವ್ಯವಸ್ಥಾಪಕರಿಗೂ ಹೋಗಲಿ.